ಎಸ್‌ಎಟಿಗೆ ದಿನಾಂಕ ಇದೆ, ಸೀಟು ಯಾಕಿಲ್ಲ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಹತ್ತಿರ. ಮಗಳು 11ನೇ ಕ್ಲಾಸು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಬುಕ್ ಮಾಡಲು ಕೂತರೆ ಹತ್ತಿರದ ಸೆಂಟರ್‌ಗಳೆಲ್ಲ ತುಂಬಿವೆ. 2020ರಲ್ಲಿ ಕೋವಿಡ್‌ನಿಂದ ಸಾಲಾಗಿ ಪರೀಕ್ಷೆ ರದ್ದಾದಾಗ ಪಕ್ಕದ ಮನೆ ಹುಡುಗನಿಗೆ ಬರೆಯಲೇ ಆಗಲಿಲ್ಲವಂತೆ. ಒಂದು ದಿನ ರದ್ದಾದರೆ ಇನ್ನೊಂದು ದಿನ ಇಡಲು ಇವರಿಗೇನು ಕಷ್ಟ?

ಕಷ್ಟ ಇರುವುದು ದಿನ ಹುಡುಕುವುದರಲ್ಲಿ ಅಲ್ಲ, ಕೋಣೆ ಹುಡುಕುವುದರಲ್ಲಿ. ದಿನಾಂಕ ಗೊತ್ತು ಮಾಡುವುದು, ಪ್ರಶ್ನೆ ತಯಾರಿಸುವುದು, ಫೀಸು ತೆಗೆದುಕೊಳ್ಳುವುದು ಎಲ್ಲ ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಕೆಲಸ. ಆದರೆ ಮಕ್ಕಳು ಕೂತು ಬರೆಯುವುದು ಯಾವುದೋ ಊರಿನ ಹೈಸ್ಕೂಲಿನಲ್ಲಿ, ಹೆಚ್ಚಾಗಿ ಶನಿವಾರ ಬೆಳಿಗ್ಗೆ, ರಜೆ ಬಿಟ್ಟು ಬಂದ ಅಲ್ಲಿನ ಟೀಚರ್‌ಗಳ ಎದುರು. ಆ ಶಾಲೆ ಆಗಲ್ಲ ಅಂದರೆ ಅಲ್ಲಿಗೆ ಮುಗಿಯಿತು.

2020ರಲ್ಲಿ ಆದದ್ದು ಇದೇ. ಮಾರ್ಚ್ 14ರಂದೇ ಹಲವು ಸೆಂಟರ್ ಬಾಗಿಲು ಹಾಕಿದ್ದವು. ಮೇ 2 ಮತ್ತು ಜೂನ್ 6ರ ಪರೀಕ್ಷೆ ಪೂರ್ತಿ ರದ್ದಾಯಿತು. 11ನೇ ಕ್ಲಾಸಿನ ಮಕ್ಕಳು ಸಾಮಾನ್ಯವಾಗಿ ಮೊದಲ ಸಲ ಬರೆಯುವುದೇ ಈ ತಿಂಗಳುಗಳಲ್ಲಿ. ಅವರೆಲ್ಲ ಒಟ್ಟಿಗೆ ಆಗಸ್ಟ್‌ಗೆ ಬಂದು ನಿಂತರು, ಬುಕಿಂಗ್ ಶುರುವಾದ ದಿನ ವೆಬ್‌ಸೈಟ್ ತೆರೆಯಲೇ ಒದ್ದಾಡಿದರು. ಆಗಸ್ಟ್ 29ಕ್ಕೆ ಹೆಸರು ಕೊಟ್ಟವರು ಸುಮಾರು 4 ಲಕ್ಷ. ಅವರಲ್ಲಿ 1.7 ಲಕ್ಷಕ್ಕೂ ಜಾಸ್ತಿ ಮಕ್ಕಳ ಸೆಂಟರ್ ಮುಚ್ಚಿಹೋಯಿತು. ಹಣ ಕಟ್ಟಿ, ತಿಂಗಳುಗಟ್ಟಲೆ ಓದಿ, ಕೊನೆಗೆ ಒಂದು ಇಮೇಲ್!

ತೆರೆದಿದ್ದ ಶಾಲೆಗಳಲ್ಲೂ ಜಾಗ ಕುಗ್ಗಿತ್ತು. 30 ಮಕ್ಕಳು ಕೂರುವ ಕೋಣೆಯಲ್ಲಿ 6 ಅಡಿ ಅಂತರ ಬಿಟ್ಟರೆ ಹತ್ತು ಹನ್ನೆರಡು ಮಂದಿ ಹಿಡಿಸಿದರೆ ಹೆಚ್ಚು. ಹಾಗಾದರೆ ಸೋಮವಾರ ಕೆಲವರಿಗೆ, ಬುಧವಾರ ಕೆಲವರಿಗೆ ಇಡಬಹುದಿತ್ತಲ್ಲ ಅನ್ನಿಸುತ್ತದೆ, ಅಲ್ವಾ? ಆಗ ಅದು ಕಾಗದದ ಪರೀಕ್ಷೆ. ಬೇರೆ ದಿನ ಎಂದರೆ ಬೇರೆ ಪ್ರಶ್ನೆಪತ್ರಿಕೆ, ಇಲ್ಲದಿದ್ದರೆ ಸೋಮವಾರ ಬರೆದವರು ಬುಧವಾರದವರಿಗೆ ಪ್ರಶ್ನೆ ಹೇಳಿಬಿಡುತ್ತಾರೆ. ಮನೆಯಲ್ಲೇ ಬರೆಸುವ ಯೋಚನೆಯೂ ಇತ್ತು. ಪ್ರತಿ ಮಗುವಿಗೂ ಮೂರು ಗಂಟೆ ಕಡಿಯದ ಇಂಟರ್‌ನೆಟ್ ಬೇಕು, ಅದು ಎಲ್ಲರ ಮನೆಯಲ್ಲಿ ಇಲ್ಲ ಎಂದು ಜೂನ್ ಶುರುವಿನಲ್ಲಿ ಕೈಬಿಟ್ಟರು. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಆ ಮೇ ತಿಂಗಳಲ್ಲಿ ಎಪಿ ಪರೀಕ್ಷೆಗಳನ್ನು (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಗಳು) ಮನೆಯಿಂದ ಬರೆಸಿದಾಗ, ಬರೆದ ಉತ್ತರ ಅಪ್‌ಲೋಡ್ ಆಗದೆ ಎಷ್ಟೋ ಮಕ್ಕಳು ಅತ್ತಿದ್ದರು.

ನನ್ನ ಅಕ್ಕನ ಮಗಳಿಗೆ ಆ ವರ್ಷ ಎರಡು ಸಲ ಸೆಂಟರ್ ರದ್ದಾಯಿತು. ಕೊನೆಗೆ ಭಾವ ಅವಳನ್ನು ಕೂರಿಸಿಕೊಂಡು ಕ್ಯಾಲಿಫೋರ್ನಿಯಾ ದಾಟಿ ನೆವಾಡಾಕ್ಕೆ ಕಾರು ಓಡಿಸಿದರು. ಕಾರಿನ ಅನುಕೂಲ, ಹೋಟೆಲ್ ಖರ್ಚು, ಅಪ್ಪನಿಗೆ ರಜೆ, ಇಷ್ಟು ಇದ್ದವರ ಮಕ್ಕಳು ಬರೆದರು. ಇಲ್ಲದವರು ಬಿಟ್ಟರು. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಅದೇ ವರ್ಷ ನಮ್ಮ ಕರ್ನಾಟಕದಲ್ಲಿ ಜುಲೈ 30, 31ಕ್ಕೆ ಸಿಇಟಿ ನಡೆದೇ ಹೋಯಿತು. ಕೋವಿಡ್ ಬಂದಿದ್ದ ಮಕ್ಕಳಿಗೂ ಬೇರೆ ಕಡೆ ಕೂರಿಸಿ ಬರೆಸಿದರು. ನೀಟ್ ಮೇ 3ರಿಂದ ಜುಲೈ 26ಕ್ಕೆ, ಅಲ್ಲಿಂದ ಸೆಪ್ಟೆಂಬರ್ 13ಕ್ಕೆ ಹೋಯಿತು, ಆದರೂ ನಡೆಯಿತು. ನಮ್ಮಲ್ಲಿ ಸರ್ಕಾರ ಹೇಳಿದರೆ ಕಾಲೇಜು ಬಾಗಿಲು ತೆರೆಯುತ್ತದೆ, ಸೀಟು ಹಂಚುವುದೂ ಕೊನೆಗೆ ರ‍್ಯಾಂಕ್ ನೋಡಿಯೇ. ಅಮೆರಿಕದಲ್ಲಿ ಹಾಗಲ್ಲ, ಅಂಕ ಬೇಕೋ ಬೇಡವೋ ಎಂದು ಆಯಾ ಕಾಲೇಜು ನಿರ್ಧರಿಸುತ್ತದೆ. ಹಾಗಾಗಿಯೇ 2020ರಲ್ಲಿ ಹಾರ್ವರ್ಡ್, ಯೇಲ್‌ನಂಥವು ಕೂಡ ಅಂಕ ಇಲ್ಲದಿದ್ದರೂ ಅರ್ಜಿ ಹಾಕಿ ಎಂದವು. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು ಮಾತ್ರ ಬೇಕೇ ಬೇಕು ಎಂದು ಕೂತವು, ಪಾಪ ಅಲ್ಲಿನ ಮಕ್ಕಳ ಪಾಡು.

ಇನ್ನು ನಿಮ್ಮ ಮಗಳ ವಿಷಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಈಗ ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡುವುದಿಲ್ಲ, ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಕ್ಯಾಲ್ ಸ್ಟೇಟ್ ಕೂಡ ಅಷ್ಟೇ. ಮನೆ ಹತ್ತಿರದ ದೊಡ್ಡ ಕಾಲೇಜುಗಳೇ ಕೇಳದಿದ್ದಾಗ ಹೈಸ್ಕೂಲುಗಳಿಗೆ ಶನಿವಾರ ಬಾಗಿಲು ತೆರೆಯುವ ಉತ್ಸಾಹ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಪರೀಕ್ಷೆ ಲ್ಯಾಪ್‌ಟಾಪ್ ಮೇಲೆ ನಡೆಯುತ್ತಿದೆ ನಿಜ, ಆದರೂ ಕೂರಲು ಒಂದು ಕೋಣೆ, ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ಅದಕ್ಕೇ ಮೊದಲು ಮಗಳು ಅರ್ಜಿ ಹಾಕುವ ಕಾಲೇಜುಗಳ ಪಟ್ಟಿ ಹಿಡಿದು ಕೂರಿ. ಯಾವುದಕ್ಕೂ ಅಂಕ ಬೇಡವಾದರೆ ಸುಮ್ನೆ ಒದ್ದಾಡಬೇಡಿ. ಎಂಐಟಿ, ಹಾರ್ವರ್ಡ್‌ನಂಥ ಕಾಲೇಜು ಪಟ್ಟಿಯಲ್ಲಿದ್ದರೆ ಅಂಕ ಮತ್ತೆ ಕಡ್ಡಾಯ, ಆಗ ಅಕ್ಟೋಬರ್‌ವರೆಗೆ ಕಾಯಬಾರದು. ಬೇಗ ಹಾಕುವ ಅರ್ಜಿಗೆ ಹೆಚ್ಚಿನ ಕಡೆ ನವೆಂಬರ್ 1 ಕೊನೆ ದಿನ. 11ನೇ ಕ್ಲಾಸು ಮುಗಿಯುವುದರೊಳಗೆ ಒಂದು ಸಲ ಬರೆಸಿಬಿಡಿ, ಆಗಸ್ಟ್ ಕೈಯಲ್ಲಿ ಉಳಿಯುತ್ತದೆ. ಬುಕಿಂಗ್ ತೆರೆದ ದಿನವೇ ಕೂತು ಸ್ಯಾಕ್ರಮೆಂಟೊ, ಫ್ರೆಸ್ನೊ ಕಡೆಯ ಪಿನ್‌ಕೋಡ್ ಹಾಕಿಯೂ ನೋಡಿ. ತುಂಬಿದ ಸೆಂಟರ್‌ಗಳನ್ನು ಆಗಾಗ ಮತ್ತೆ ತೆರೆದು ನೋಡುತ್ತಿರಿ, ಯಾರಾದರೂ ಬಿಟ್ಟರೆ ಸೀಟು ಕಾಣಿಸುತ್ತದೆ. ಮತ್ತೆ ಹಿಂದಿನ ರಾತ್ರಿ ಮಲಗುವ ಮುಂಚೆ, ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಇಮೇಲ್ ನೋಡಿ. ಸೆಂಟರ್ ಮುಚ್ಚಿದ ಸುದ್ದಿ ಬರುವುದು ಅಲ್ಲಿಗೇ.