ರಸೀದಿ ಯಾರ ಹೆಸರಲ್ಲಿ ಬರುತ್ತೆ?

ಒಂದು ಹಳ್ಳಿ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಟ್ರಸ್ಟ್. ಅದರ ಖಜಾಂಚಿ ಮೇ ತಿಂಗಳ ಕೊನೆ ವಾರ ನನ್ನ ಆಫೀಸಿಗೆ ಬಂದರು. ಕೈಯಲ್ಲಿ 14 ಪುಟದ ಬ್ಯಾಂಕ್ ಸ್ಟೇಟ್‌ಮೆಂಟು. ಎರಡು ಕೊಠಡಿ ಕಟ್ಟಿಸಲು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕ್ಯೂಆರ್ ಕೋಡ್ ಹಾಕಿದ್ದರಂತೆ. ದುಡ್ಡು ಚೆನ್ನಾಗಿಯೇ ಬಂದಿತ್ತು. 501, 1001, ಅಲ್ಲಲ್ಲಿ 5,000. ಕೊಟ್ಟವರು ಯಾರು ಅಂತ ನೋಡಿದರೆ ಯುಪಿಐ ನಂಬರಿನ ಪಕ್ಕ ಅರ್ಧಕ್ಕೆ ತುಂಡಾದ ಹೆಸರು. ‘ಮಂಜುನಾ’ ಅನ್ನುವುದೇ ಒಂಬತ್ತು ಸಲ ಇತ್ತು. "ಇದರಲ್ಲಿ ನಮ್ಮ 94ನೇ ಬ್ಯಾಚಿನ ಮಂಜ ಯಾವನು ಸಾರ್?" ಅಂತ ನನ್ನನ್ನೇ ಕೇಳಿದರು.

ಅವರ ಅವಸರಕ್ಕೆ ಕಾರಣ ಇತ್ತು. 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಇರುವ ಟ್ರಸ್ಟುಗಳು 2021-22ರಿಂದ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ನಂಬರ್ ಬರೆದು ಆದಾಯ ತೆರಿಗೆ ಇಲಾಖೆಗೆ 10ಬಿಡಿ ಫಾರಂ ಸಲ್ಲಿಸಬೇಕಾಯಿತು. ಕಡೇ ದಿನ ಮೇ 31. ತಡವಾದರೆ ದಿನಕ್ಕೆ 200 ರೂಪಾಯಿ. ಅದಾದ ಮೇಲೆಯೇ ದಾನಿಗೆ ಸರ್ಟಿಫಿಕೇಟು. ಆ ಫಾರಂನಲ್ಲಿ ಹೆಸರಿಲ್ಲದಿದ್ದರೆ ನೀವು ಕೊಟ್ಟ ಅಚ್ಚುಕಟ್ಟಾದ ರಸೀದಿಯಿಂದ ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. (2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ನಂಬರ್ ಬೇರೆ. ಜನ ಮಾತ್ರ ಇನ್ನೂ 80ಜಿ ಅಂತಲೇ ಕೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.) ಹೆಸರು, ವಿಳಾಸ ಇಲ್ಲದ ದೇಣಿಗೆ ಜಾಸ್ತಿಯಾದರೆ ಇನ್ನೊಂದು ತಲೆನೋವು. ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದ ಮೊತ್ತಕ್ಕೆ ಶೇ 30 ತೆರಿಗೆ.

ಹಾಗಾಗಿ "ಆನ್‌ಲೈನ್‌ನಲ್ಲಿ ದೇಣಿಗೆ ಎತ್ತಬೇಕು, ಯಾವ ಪ್ಲಾಟ್‌ಫಾರ್ಮ್ ಒಳ್ಳೇದು?" ಅಂತ ಯಾರೇ ಬಂದರೂ ನಾನು ಕಮಿಷನ್ ಎಷ್ಟು ಅಂತ ಮೊದಲು ನೋಡುವುದಿಲ್ಲ. ರಸೀದಿ ಯಾರ ಹೆಸರಲ್ಲಿ ಬರುತ್ತದೆ, ದಾನಿಗಳ ಪಟ್ಟಿ ಯಾರ ಹತ್ತಿರ ಉಳಿಯುತ್ತದೆ ಅಂತ ಕೇಳುತ್ತೇನೆ.

ಕೆಲವು ಕಡೆ ದುಡ್ಡು ಮೊದಲು ಪ್ಲಾಟ್‌ಫಾರ್ಮಿನವರದೇ ಪ್ರತಿಷ್ಠಾನದ ಖಾತೆಗೆ ಹೋಗುತ್ತದೆ. ದಾನಿಗೆ ರಸೀದಿ ಅವರ ಹೆಸರಲ್ಲಿ ಬರುತ್ತದೆ, ನಿಮಗೆ ಅಲ್ಲಿಂದ ಅನುದಾನ ಬರುತ್ತದೆ. ಇದೇನೂ ತಪ್ಪಲ್ಲ. ನಿಮ್ಮ ಟ್ರಸ್ಟಿಗೆ ಇನ್ನೂ 80ಜಿ ಸಿಕ್ಕಿಲ್ಲದಿದ್ದರೆ ಅನುಕೂಲವೇ. ಆದರೆ ನಿಮ್ಮ ಲೆಕ್ಕದಲ್ಲಿ ದಾನಿ ಅಂತ ಇರುವುದು ಆ ಪ್ರತಿಷ್ಠಾನ ಒಂದೇ, ಊರಿನ ಮುನ್ನೂರು ಜನ ಅಲ್ಲ. ಅದೇ ಮುನ್ನೂರು ಜನಕ್ಕೆ ನೀವೂ ಇನ್ನೊಂದು ರಸೀದಿ ಕೊಡಬಾರದು. ಹಾಗೆ ಮಾಡಿದವರನ್ನು ನೋಡಿದ್ದೇನೆ.

ಇನ್ನು ಖರ್ಚಿನ ಮಾತು. ಒಬ್ಬರು ಕಾರ್ಡಿನಲ್ಲಿ 5,000 ಹಾಕಿದರು ಅನ್ನಿ. ಗೇಟ್‌ವೇ, ಅಂದರೆ ಆನ್‌ಲೈನ್ ದುಡ್ಡನ್ನು ನಿಮ್ಮ ಖಾತೆಗೆ ದಾಟಿಸುವ ಕಂಪನಿಯ ಶುಲ್ಕ ಶೇ 2 ಅಂದರೆ 100. ಅದರ ಮೇಲೆ ಶೇ 18 ಜಿಎಸ್‌ಟಿ, 18 ರೂಪಾಯಿ. ನಿಮ್ಮ ಖಾತೆಗೆ ಬೀಳುವುದು 4,882. ರಸೀದಿ ಎಷ್ಟಕ್ಕೆ ಬರೆಯಬೇಕು? 5,000ಕ್ಕೇ. ಅಷ್ಟನ್ನೂ ದೇಣಿಗೆ ಅಂತ ಜಮಾ ತೋರಿಸಿ, 118 ಅನ್ನು ಖರ್ಚಿಗೆ ಹಾಕಬೇಕು. ಅರ್ಧಕ್ಕರ್ಧ ಟ್ರಸ್ಟುಗಳು 4,882 ಜಮಾ ಅಂತ ಬರೆದುಕೊಂಡು ಬರುತ್ತವೆ. ಆಮೇಲೆ ರಸೀದಿ ಪುಸ್ತಕಕ್ಕೂ ಲೆಡ್ಜರಿಗೂ ತಾಳೆಯಾಗುವುದಿಲ್ಲ. ಕಡಿತವನ್ನು ಒಂದೊಂದೇ ದೇಣಿಗೆಯ ಎದುರು ತೋರಿಸುವ ರಿಪೋರ್ಟು ಕೊಡದ ಪ್ಲಾಟ್‌ಫಾರ್ಮ್, ಎಷ್ಟೇ ಅಗ್ಗವಾಗಿರಲಿ, ನನಗೆ ಬೇಡ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್ (ದುಡ್ಡು ಪಡೆಯುವವರಿಂದ ಹಿಡಿಯುವ ಶುಲ್ಕ) ಸೊನ್ನೆ. ಆದರೂ ಬೇರೆ ಹೆಸರಿನಲ್ಲಿ ಏನಾದರೂ ಹಿಡಿಯುತ್ತಾರಾ ಅಂತ ದರಪಟ್ಟಿಯಲ್ಲಿ ಯುಪಿಐ ಸಾಲನ್ನು ಬೇರೆಯಾಗಿ ಓದಿ.

‘ಶುಲ್ಕ ಸೊನ್ನೆ’ ಅನ್ನುವ ಕಡೆ ಟಿಪ್ಸ್ ಇರುತ್ತದೆ. ದಾನಿ 5,000 ಅಂತ ಒತ್ತಿದರೆ ಕೆಳಗೆ ಇಷ್ಟು ಶೇಕಡಾ ಟಿಪ್ಸ್ ಅಂತ ಮೊದಲೇ ತುಂಬಿರುತ್ತದೆ. ತೆಗೆಯಬಹುದು. ಆದರೆ ನಿಮ್ಮ ನಿವೃತ್ತ ಮೇಷ್ಟ್ರು ಕನ್ನಡಕ ಹಾಕದೆ ಒತ್ತಿಬಿಡುತ್ತಾರೆ. ಆಮೇಲೆ ಫೋನ್ ನಿಮಗೇ ಬರುತ್ತದೆ: "ನಾನು 5,500 ಕೊಟ್ಟೆ, ರಸೀದಿ 5,000ಕ್ಕೆ ಬಂದಿದೆಯಲ್ಲಪ್ಪಾ!"

ಬೆಂಗಳೂರಿನ ಮಿಲಾಪ್, ಮುಂಬೈಯ ಕೆಟ್ಟೊದಂಥ ಕ್ರೌಡ್‌ಫಂಡಿಂಗ್ (ಅಪರಿಚಿತರೂ ಸೇರಿ ಬಹಳ ಜನರಿಂದ ದುಡ್ಡು ಕೂಡಿಸುವ) ತಾಣಗಳಿಗೆ ಹೋದರೆ ದಾನಿಗಳು ತಾವಾಗಿಯೇ ಬರುತ್ತಾರೆ ಅಂತ ಬಹಳ ಜನರ ನಂಬಿಕೆ. ನನ್ನ ಮುಂದೆ ಬಂದ ಲೆಕ್ಕಗಳಲ್ಲಿ ಶಾಲೆಗಳಿಗೆ ಕೊಟ್ಟವರೆಲ್ಲ ಹೆಚ್ಚುಕಮ್ಮಿ ಪರಿಚಯದವರೇ. ಹಳೆ ವಿದ್ಯಾರ್ಥಿಗಳು, ಬೀಗರು, ಊರು ಬಿಟ್ಟವರು. ಅಂಥವರಿಗೆ ಅಂಗಡಿ ಬೀದಿ ಯಾಕೆ ಬೇಕು? ರೇಜರ್‌ಪೇ, ಕ್ಯಾಶ್‌ಫ್ರೀಯಂಥ ಗೇಟ್‌ವೇಯಲ್ಲಿ ಟ್ರಸ್ಟಿನ ಹೆಸರಿನಲ್ಲೇ ಖಾತೆ ತೆರೆದು, ಹೆಸರು, ಪ್ಯಾನ್, ವಿಳಾಸ, ಬ್ಯಾಚು ತುಂಬಿಸಿಕೊಳ್ಳುವ ಒಂದು ಪುಟ ಮಾಡಿಕೊಂಡರೆ ಸಾಕು. ಅಪರಿಚಿತರ ಮನಸ್ಸು ಮುಟ್ಟುವಂಥ ಕಾರಣ, ಅದನ್ನು ದಿನಾ ಹಂಚಿಕೊಳ್ಳುವ ನಾಲ್ಕು ಹುಡುಗರು ಇದ್ದರೆ ಕ್ರೌಡ್‌ಫಂಡಿಂಗ್ ನೋಡಿ. ಟ್ರಸ್ಟೇ ಇಲ್ಲದ ಸರ್ಕಾರಿ ಶಾಲೆ ಆದರೆ ಹೆಡ್‌ಮಾಸ್ಟರ ಸ್ವಂತ ಫೋನ್‌ಪೇಗೆ ದುಡ್ಡು ಹಾಕಿಸಲೇಬೇಡಿ. ಬೆಂಚು, ಕಂಪ್ಯೂಟರ್ ಥರದ ವಸ್ತು ಬೇಕಿದ್ದರೆ ಕೇಂದ್ರದ ವಿದ್ಯಾಂಜಲಿ ಪೋರ್ಟಲ್ ಇದೆ.

ಅಮೆರಿಕದಲ್ಲಿರುವ ಗೆಳೆಯರ ವಿಷಯಕ್ಕೆ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರರಾಗಿಬಿಟ್ಟಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ದುಡ್ಡು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ, ನಿಮ್ಮೂರಿನ ಖಾತೆಗಲ್ಲ. "ಅಲ್ಲೇ ಒಬ್ಬರು ಎಲ್ಲರದೂ ಸೇರಿಸಿ ಕಳಿಸ್ತಾರೆ ಬಿಡಿ" ಅನ್ನುವ ಉಪಾಯವೂ ನಡೆಯುವುದಿಲ್ಲ. ನೋಂದಣಿ ಇಲ್ಲದ ಟ್ರಸ್ಟು ವಿದೇಶಿ ಕಾರ್ಡ್ ಸ್ವೀಕರಿಸುವ ಆಯ್ಕೆಯನ್ನೇ ಮುಚ್ಚಿಸಲಿ.

ತಿಂಗಳು ತಿಂಗಳು ಕೊಡುವವರಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಪ್ರತಿ ತಿಂಗಳು ದುಡ್ಡು ತಾನಾಗಿಯೇ ಕಡಿತವಾಗಲು ಕೊಡುವ ಆಟೊಪೇ ಒಪ್ಪಿಗೆ ಆ ಪ್ಲಾಟ್‌ಫಾರ್ಮಿನ ಮೂಲಕವೇ ದಾಖಲಾಗಿರುತ್ತದೆ. ನಾಳೆ ಅದನ್ನು ಬಿಟ್ಟರೆ ಆ ಒಪ್ಪಿಗೆ ಜೊತೆಗೆ ಬರುತ್ತದಾ? ಬರದಿದ್ದರೆ, ಒಬ್ಬೊಬ್ಬರ ಬೆನ್ನು ಹತ್ತಿ ಮತ್ತೆ ಪಿನ್ ಒತ್ತಿಸಬೇಕು. ಅದರಲ್ಲಿ ಎಷ್ಟು ಜನ ಉಳಿಯುತ್ತಾರೆ, ನೀವೇ ಊಹಿಸಿ.

ಡೆಮೊ ಕೊಡುವವರು ಎಲ್ಲವನ್ನೂ ಚೆಂದವಾಗಿಯೇ ತೋರಿಸುತ್ತಾರೆ. ಸಹಿ ಹಾಕುವ ಮೊದಲು ಆ ಪ್ಲಾಟ್‌ಫಾರ್ಮಿನಲ್ಲಿ ಈಗಾಗಲೇ ಇರುವ ಯಾವುದಾದರೂ ಸಂಸ್ಥೆಗೆ ನಿಮ್ಮ ಜೇಬಿನಿಂದ 101 ರೂಪಾಯಿ ಹಾಕಿ. ನಿಮ್ಮ ಫೋನಲ್ಲಿ ಅಲ್ಲ, ಮನೆಯಲ್ಲಿ ಹಿರಿಯರ ಹಳೇ ಫೋನಿದ್ದರೆ ಅದರಲ್ಲಿ. ಪ್ಯಾನ್ ಕೇಳಿತಾ, ಟಿಪ್ಸ್ ಎಷ್ಟಿತ್ತು, ರಸೀದಿ ಎಷ್ಟು ಹೊತ್ತಿಗೆ ಬಂತು ನೋಡಿ. ಹಾಗೇ ರಸೀದಿ ಮೇಲಿನ ಕನ್ನಡವನ್ನೂ ಓದಿ. ಖಜಾಂಚಿಯವರು ಆಮೇಲೆ ಆರಿಸಿದ್ದ ಪ್ಲಾಟ್‌ಫಾರ್ಮಿನ ಮೊದಲ ರಸೀದಿಯಲ್ಲಿ ಒತ್ತಕ್ಷರಗಳೆಲ್ಲ ಒಡೆದು, ‘ಟ್ರಸ್ಟ್’ ಇರಬೇಕಾದ ಕಡೆ ಮೂರು ಚೌಕ ಕೂತಿದ್ದವು.