ಐಡಿ ಇಲ್ಲದ ಬಟನ್ ಹುಡುಕುವ ಬಗೆ

ಪರದೆಯ ಮೇಲಿನ ಬಟನ್‌ಗೆ ಡೆವಲಪರ್ ಐಡಿ (ಅದನ್ನು ಗುರುತಿಸುವ ವಿಶಿಷ್ಟ ಹೆಸರು) ಕೊಡದೆ ಬಿಟ್ಟಿದ್ದರೆ, ಸ್ವಯಂಚಾಲಿತ ಪರೀಕ್ಷೆ ಬರೆಯುವವರು ಸಾಮಾನ್ಯವಾಗಿ ಬ್ರೌಸರ್‌ನಿಂದ ಪೂರ್ಣ ಎಕ್ಸ್‌ಪಾತ್ (ಪುಟದ ರಚನೆಯಲ್ಲಿ ಬಟನ್ ಇರುವ ಜಾಗದ ವಿಳಾಸ) ನಕಲಿಸಿ ಸ್ಕ್ರಿಪ್ಟ್‌ಗೆ ಅಂಟಿಸಿಬಿಡುತ್ತಾರೆ. ಮೂರನೆಯ ಡಿವ್ (ಪುಟದ ಭಾಗಗಳನ್ನು ಕಟ್ಟುವ ಚೌಕಟ್ಟು) ಒಳಗಿನ ಎರಡನೆಯ ಡಿವ್‌ನ ಮೊದಲ ಬಟನ್ ಎಂಬಂಥ ಆ ವಿಳಾಸ, ಪುಟದ ಮೇಲ್ಭಾಗಕ್ಕೆ ಒಂದು ಸೂಚನೆ ಸೇರಿದ ದಿನವೇ ತಪ್ಪುತ್ತದೆ. ತಪ್ಪಿ ನಿಂತರೆ ಒಳ್ಳೆಯದೇ. ಕೆಲವೊಮ್ಮೆ ಅದು ಪಕ್ಕದ ಬಟನ್ ಒತ್ತಿ, ಪರೀಕ್ಷೆ ಪಾಸಾಯಿತೆಂದೂ ವರದಿ ಮಾಡುತ್ತದೆ. ಐಡಿ ಇದ್ದ ಮಾತ್ರಕ್ಕೂ ನೆಚ್ಚುವಂತಿಲ್ಲ, ಏಕೆಂದರೆ ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಯೂಸ್‌ಐಡಿ ಸೌಲಭ್ಯ ತಾನೇ ಹುಟ್ಟಿಸುವ ಐಡಿಗಳು ಪುಟದ ರಚನೆಯೊಡನೆ ಬದಲಾಗುತ್ತವೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯಲ್ಲಿ ಹೊಸಬರಿಗೆ ನಾನು ಕೊಡುವ ಉದಾಹರಣೆ ಮಂಡ್ಯದ ಕಬ್ಬು ಬೆಳೆಗಾರರ ಬಿಲ್ ಪಟ್ಟಿಯದು. ಪ್ರತಿ ಸಾಲಿನಲ್ಲೂ ಐಡಿ ಇಲ್ಲದ ‘ಡೌನ್‌ಲೋಡ್’ ಬಟನ್ ಇದೆ ಎನ್ನೋಣ. ಬಟನ್ ಎಷ್ಟನೆಯದೆಂದು ಎಣಿಸದೆ, ಮೊದಲು ತೂಕದ ಚೀಟಿಯ ಸಂಖ್ಯೆಯಿಂದ ಸಾಲನ್ನು ಗುರುತಿಸಿ, ಆ ಸಾಲಿನೊಳಗೆ ಬಟನ್ ಎಂಬ ಪಾತ್ರವೂ (ರೋಲ್) ‘ಡೌನ್‌ಲೋಡ್’ ಎಂಬ ಹೆಸರೂ ಇರುವ ಅಂಶವನ್ನು ಕೇಳಬೇಕು. ಸ್ವಯಂಚಾಲಿತ ಪರೀಕ್ಷೆಯ ಸಾಧನವಾದ ಪ್ಲೇರೈಟ್‌ನಲ್ಲಿ ಇದಕ್ಕೆ ನೇರ ಸೌಲಭ್ಯವಿದೆ; ಅಂಥದೇ ಇನ್ನೊಂದು ಸಾಧನ ಸೆಲೆನಿಯಮ್‌ನಲ್ಲಿ ಆ ಸಾಲಿನಿಂದಲೇ ಶುರುವಾಗುವ ಚಿಕ್ಕದೊಂದು ಸಾಪೇಕ್ಷ ಎಕ್ಸ್‌ಪಾತ್ ಸಾಕು.

ಆದರೆ ಕನ್ನಡದ ಹೆಸರನ್ನು ಹಿಡಿದು ಹುಡುಕುವಾಗ ಬೇರೊಂದು ತೊಡಕಿದೆ. ‘ಲೋ’ ಎಂಬಲ್ಲಿನ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸಂಕೇತಗಳನ್ನಷ್ಟೇ ಹೋಲಿಸುವ ಎಕ್ಸ್‌ಪಾತ್‌ಗೆ ಬೇರೆ ಬೇರೆ. ಕೊನೆಯ ‘ಡ್’ ನಂತರ ಶೂನ್ಯ ಅಗಲದ ಅಕ್ಷರ ಉಳಿದಿದ್ದರಂತೂ ಅದು ಪರದೆಯಲ್ಲಿ ಕಾಣುವುದೇ ಇಲ್ಲ. ಸ್ಕ್ರಿಪ್ಟ್, ಪುಟ ಎರಡೂ ಬದಿಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಒಗ್ಗೂಡಿಸಿದ ರೂಪಕ್ಕೆ ತಂದರೆ ಮೊದಲ ಭೇದ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ; ಅದನ್ನು ಪ್ರತ್ಯೇಕವಾಗಿ ಕಳಚಬೇಕು. ಪುಟವು ಕನ್ನಡ, ಇಂಗ್ಲಿಷ್ ಎರಡರಲ್ಲೂ ತೆರೆಯುವಂತಿದ್ದರೆ ಈ ಕಸರತ್ತಿನ ಬದಲು ಪರೀಕ್ಷೆಗೆಂದೇ ಇಡುವ ಡೇಟಾ-ಟೆಸ್ಟ್‌ಐಡಿ ಎಂಬ ಗುರುತು ಸೇರಿಸುವಂತೆ ಡೆವಲಪರ್‌ರನ್ನು ಕೇಳುವುದೇ ಮೇಲು. ಅವರಿಗೆ ಅದು ಒಂದು ಸಾಲಿನ ಕೆಲಸ.

ಬಟನ್ ಮೇಲೆ ಬರೀ ಚಿತ್ರವಿದ್ದು ಹೆಸರೇ ಇಲ್ಲದಿದ್ದರೆ ಅದನ್ನು ಪರೀಕ್ಷಕರ ಅನಾನುಕೂಲವೆಂದು ಬರೆಯದೆ ದೋಷವೆಂದೇ ದಾಖಲಿಸಿ. ಆಂಡ್ರಾಯ್ಡ್‌ನಲ್ಲಿ ಮೊಬೈಲ್ ಆ್ಯಪ್ ಪರೀಕ್ಷಿಸುವ ಸಾಧನ ಆ್ಯಪಿಯಮ್ ಹುಡುಕುವ ಅದೇ ಕಂಟೆಂಟ್ ವಿವರಣೆಯನ್ನು (ಬಟನ್‌ಗೆ ಡೆವಲಪರ್ ಕೊಡುವ ಪಠ್ಯ) ಪರದೆ ಓದುವ ಟಾಕ್‌ಬ್ಯಾಕ್ ದೃಷ್ಟಿಹೀನ ಬಳಕೆದಾರರಿಗೆ ಓದಿ ಹೇಳುತ್ತದೆ. ಕ್ಯಾನ್ವಾಸ್ (ಪುಟದೊಳಗಿನ ಚಿತ್ರಫಲಕ) ಮೇಲೆ ಬರೆದ ನಕ್ಷೆ, ಗ್ರಾಫ್‌ಗಳ ಒಳಗೆ ಮಾತ್ರ ಹುಡುಕಲು ಯಾವ ಅಂಶವೂ ಇರುವುದಿಲ್ಲ. ಅಲ್ಲಿ ಚಿತ್ರ ಹೋಲಿಕೆಗೆ ಹೋಗುವ ಮೊದಲು, ಗ್ರಾಫ್‌ಗೆ ಬಂದ ದತ್ತಾಂಶವನ್ನೇ ಪರೀಕ್ಷಿಸಲು ಸಾಧ್ಯವೇ ಎಂದು ನೋಡಿ.