ಒಂದೇ ಬಲಿಪೀಠ, ಭಾಷೆಗೊಂದು ಹೊತ್ತು

ಬೆಂಗಳೂರಿನ ಹಳೆಯ ಕಥೋಲಿಕ ಚರ್ಚುಗಳ ಬಾಗಿಲಲ್ಲಿ ಒಂದು ಫಲಕ ನೇತುಹಾಕಿರುತ್ತಾರೆ. ಭಾನುವಾರ 6ಕ್ಕೆ ತಮಿಳು ಪೂಜೆ, 7.30ಕ್ಕೆ ಕನ್ನಡ, 9ಕ್ಕೆ ಇಂಗ್ಲಿಷ್. ಕೆಲವು ಕಡೆ ಕೊಂಕಣಿಯೂ ಉಂಟು. ಹೊಸಬರಿಗೆ ಅದು ಬರೀ ವೇಳಾಪಟ್ಟಿ. ಆದರೆ ಅದರ ಒಂದೊಂದು ಸಾಲಿನ ಹಿಂದೆ ಮನವಿ, ಮುನಿಸು, ಧರಣಿ, ರಾಜಿ ಎಲ್ಲವೂ ಇವೆ. ‘ಚರ್ಚಿನೊಳಗೂ ಭಾಷೆ ಜಗಳವಾ?’ ಅಂತ ಹೊರಗಿನವರು ಕೇಳುತ್ತಾರೆ. ಒಳಗಿನ ಹುಡುಗರಿಗೂ ಇದು ಎಲ್ಲಿಂದ ಶುರುವಾಯಿತು ಅಂತ ಗೊತ್ತಿಲ್ಲ.

ಮೈಸೂರು ಸೀಮೆಗೆ ಈ ಧರ್ಮ ಬ್ರಿಟಿಷರ ಬೆನ್ನ ಹಿಂದೆ ಬಂದದ್ದಲ್ಲ. 17ನೇ ಶತಮಾನದ ನಡುವಿನಲ್ಲೇ ಇಟಲಿಯ ಜೆಸುಯಿಟ್ ಸಂಘದ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು ಮಾತಾಡುವ ಕ್ರೈಸ್ತ ಒಕ್ಕಲುಗಳು ಬೆಳೆದವು. 1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂತು. ಅದರ ಜೊತೆ ಮದರಾಸು ಕಡೆಯ ಸಿಪಾಯಿಗಳು, ಅಡುಗೆಯವರು, ಕೂಲಿಯವರು ಬಂದರು. ಅವರಲ್ಲಿ ತುಂಬಾ ಜನ ತಮಿಳು ಕ್ರೈಸ್ತರು. ಇವತ್ತಿನ ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚು ಅವರ ಭಕ್ತಿಯ ನೆಲೆಯಾಗಿ ಬೆಳೆಯಿತು. ಅದರ ಗೋಥಿಕ್ ಗೋಪುರ ನಿಂತದ್ದು 1882ರ ಹೊತ್ತಿಗೆ. ಆಮೇಲೆ ಕರಾವಳಿಯ ಕೊಂಕಣಿಗರು ಓದು, ಕೆಲಸ ಅಂತ ಘಟ್ಟ ಹತ್ತಿದರು. 1940ರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ ಶುರುವಾದ ಮೇಲೆ ಮಲಯಾಳಿಗಳೂ ಜಾಸ್ತಿಯಾದರು. ಬೆಂಗಳೂರು ಮೈಸೂರಿನಿಂದ ಬೇರೆಯಾಗಿ ಸ್ವತಂತ್ರ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆ, ಆದದ್ದೂ 1940ರಲ್ಲೇ.

ಇಷ್ಟು ಜನ ಒಂದೇ ಸೂರಿನಡಿ ಇದ್ದರೂ ಭಾಷೆಯ ಗಲಾಟೆ ಅಷ್ಟಾಗಿ ಇರಲಿಲ್ಲ. ಕಾರಣ ಸರಳ. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಗುರುಗಳು ಜನರಿಗೆ ಬೆನ್ನು ಮಾಡಿ ಬಲಿಪೀಠದ ಕಡೆ ತಿರುಗಿ ಮಂತ್ರ ಹೇಳುತ್ತಿದ್ದರು. ಹಿಂದೆ ಮೊಣಕಾಲೂರಿದ ಅಜ್ಜಿಯರು ಜಪಸರ ಎಣಿಸುತ್ತಾ ತಮ್ಮ ತಮ್ಮ ಭಾಷೆಯಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ಲ್ಯಾಟಿನ್ ಯಾರ ಮನೆಮಾತೂ ಅಲ್ಲ. ಹಾಗಾಗಿ ಅದು ಯಾರಿಗೂ ಅನ್ಯಾಯ ಮಾಡಲಿಲ್ಲ.

1963ರ ಡಿಸೆಂಬರ್‌ನಲ್ಲಿ ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ದಾರಿ ತೆರೆಯಿತು. ಎಂಥ ದೊಡ್ಡ ವಿಷಯ! ದೇವರ ಮಾತು ಕೊನೆಗೂ ಅರ್ಥವಾಗುವಂತಾಯಿತು. ಆದರೆ ಬೆಂಗಳೂರಿನಲ್ಲಿ ಕೂಡಲೇ ಇನ್ನೊಂದು ಪ್ರಶ್ನೆ ಎದ್ದಿತು: ಜನರ ಭಾಷೆ ಅಂದರೆ ಯಾವ ಜನರದು?

ನನ್ನ ಪ್ರಕಾರ ಇಡೀ ಕಥೆಯ ಗಂಟು ಇಲ್ಲೇ ಇದೆ. 1956ರಲ್ಲಿ ಕನ್ನಡನಾಡು ಒಂದಾಗಿತ್ತು, 1973ರಲ್ಲಿ ಕರ್ನಾಟಕ ಅನ್ನುವ ಹೆಸರು ಬಂತು, 80ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿ ಬೀದಿಗಿಳಿಯಿತು. ಹೊರಗೆ ಬೀಸಿದ ಗಾಳಿ ಚರ್ಚಿನ ಕಿಟಕಿಯೊಳಗೂ ಬಂತು. ಕನ್ನಡ ಕ್ರೈಸ್ತರ ನೋವು ಸುಳ್ಳಲ್ಲ. ಸ್ವಂತ ನೆಲದಲ್ಲೇ ತಮ್ಮ ಭಾಷೆಯ ಪೂಜೆಗೆ ಅರ್ಜಿ ಹಾಕಿಕೊಳ್ಳಬೇಕಾ? ತಮ್ಮ ಮಾತು ಬಲ್ಲ ಗುರುಗಳನ್ನು ಕೇಳಿ ಪಡೆಯಬೇಕಾ? ತಮಿಳರ ಅಳಲೂ ಸುಳ್ಳಲ್ಲ. ಅಜ್ಜ ಕೂಲಿ ಉಳಿಸಿ ಕಟ್ಟಿದ ಗುಡಿ, ಅಜ್ಜಿ ಕಲಿಸಿದ ಪ್ರಾರ್ಥನೆ. ಅದನ್ನು ಬಿಡು ಅಂದರೆ ಕರುಳು ಕಿತ್ತ ಹಾಗಾಗುತ್ತದೆ. ಮನವಿಗಳು ಹೋದವು, ಪ್ರತಿಭಟನೆಗಳು ನಡೆದವು, ಕೆಲವು ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರು ಕೇರಿಗಳಲ್ಲಿ, ಅಕ್ಕಪಕ್ಕದ ಮನೆಯವರೇ ಮಾತು ಬಿಟ್ಟರು.

ಕಂಡ ದಾರಿ ಅಂದರೆ ಹೊತ್ತು ಹಂಚುವುದು. ಭಾಷೆಗೊಂದು ಪೂಜೆ, ಪೂಜೆಗೊಂದು ಗಾನವೃಂದ. ಜಗಳ ತಣ್ಣಗಾಯಿತು, ನಿಜ. ಆದರೆ ಭಾನುವಾರ 7.20ಕ್ಕೆ ಚರ್ಚಿನ ಮುಂದೆ ನಿಂತು ನೋಡಿ. ತಮಿಳು ಪೂಜೆ ಮುಗಿಸಿದವರು ಒಂದು ಬಾಗಿಲಿಂದ ಹೊರಬರುತ್ತಾರೆ, ಕನ್ನಡದವರು ಇನ್ನೊಂದರಿಂದ ಒಳಹೋಗುತ್ತಾರೆ. ಬೆಂಚು ಇನ್ನೂ ಬೆಚ್ಚಗಿರುತ್ತದೆ. ಅಲ್ಲಿ ಕೂತಿದ್ದವರ ಹೆಸರು ಗೊತ್ತಿರುವುದಿಲ್ಲ. ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವವರು ನಾವು, ಅಲ್ವಾ?

ಮಲಯಾಳಿಗಳಲ್ಲಿ ಕೇರಳದ ಹಳೆಯ ಕಥೋಲಿಕ ಪಂಗಡವಾದ ಸಿರೋ ಮಲಬಾರ್ ಸಂಪ್ರದಾಯದವರ ದಾರಿ ಬೇರೆ. ಅವರದು ಭಾಷೆ ಮಾತ್ರ ಅಲ್ಲ, ಪೂಜಾಕ್ರಮವೇ ಬೇರೆ. 2010ರಲ್ಲಿ ಮಂಡ್ಯದಲ್ಲಿ ಅವರ ಧರ್ಮಕ್ಷೇತ್ರವಾಯಿತು, 2015ರಲ್ಲಿ ಬೆಂಗಳೂರೂ ಅದಕ್ಕೆ ಸೇರಿತು.

ಇನ್ನು 9ರ ಇಂಗ್ಲಿಷ್ ಪೂಜೆ. ಇದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕನ್ನಡಕ್ಕಾಗಿ ಹೋರಾಡಿದವರ ಮೊಮ್ಮಕ್ಕಳು, ತಮಿಳಿಗಾಗಿ ಹಟ ಹಿಡಿದವರ ಮೊಮ್ಮಕ್ಕಳು, ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳು ಈಗ ಒಟ್ಟಿಗೆ ಕೂರುವುದು ಅಲ್ಲೇ. ಮೂರೂ ಭಾಷೆಯ ಹಿರಿಯರು ಇದಕ್ಕಾಗಿ ಬಡಿದಾಡಿದ್ದಲ್ಲ. ಕನ್ನಡ ಎಲ್ಲರನ್ನೂ ಕೂಡಿಸುವ ಭಾಷೆ ಆಗಬಹುದಿತ್ತು. ಹಟದಿಂದ ಅಲ್ಲ, ಒಲಿಸಿಕೊಂಡು. ಆ ಕೆಲಸ ಇನ್ನೂ ಬಾಕಿ ಇದೆ.

ಕೂಡುವ ದಾರಿ ಇಲ್ಲವೇ ಇಲ್ಲ ಅಂತಲ್ಲ. ಸೆಪ್ಟೆಂಬರ್ 8 ನೋಡಿ, ಮರಿಯಮ್ಮನವರ ಹುಟ್ಟುಹಬ್ಬ. ಶಿವಾಜಿನಗರದಲ್ಲಿ ಆಗಸ್ಟ್ 29ಕ್ಕೇ ಬಾವುಟ ಏರುತ್ತದೆ. ತಮಿಳುನಾಡಿನ ಮರಿಯಮ್ಮನ ಯಾತ್ರಾಸ್ಥಳ ವೇಳಾಂಗಣ್ಣಿಯ ಹಾಗೆ ಕಾವಿ ಉಟ್ಟವರು ಬರುತ್ತಾರೆ, ಕೊನೆಯ ದಿನ ತೇರು ಹೊರಡುತ್ತದೆ. ಕೊಂಕಣಿಗರಿಗೆ ಅದೇ ದಿನ ಮೊಂತಿ ಹಬ್ಬ. ಮಕ್ಕಳು ಮಾತೆಗೆ ಹೂ ಹಾಕುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ, ಮನೆಯಲ್ಲಿ ಮೀನು, ಮಾಂಸ ಇಲ್ಲದ ಊಟ. ಈಗ ಬೆಂಗಳೂರಿನ ಕೆಲವು ಚರ್ಚುಗಳಲ್ಲಿ ಆ ತೆನೆಯನ್ನು ಎಲ್ಲರ ಕೈಗೂ ಕೊಡುತ್ತಾರೆ.

ಸಾವಿನ ಮನೆಯಲ್ಲೂ ಹೀಗೇ. ಹೆಣ ಮನೆಯಲ್ಲಿದ್ದಾಗ ಓಣಿಯವರೆಲ್ಲ ಸೇರಿ ಜಪಸರ ಹೇಳುತ್ತಾರೆ. ಒಬ್ಬರು ‘ನಮೋ ಮರಿಯಾ’ ಅಂತ ಶುರು ಮಾಡುತ್ತಾರೆ. ಮೂಲೆಯಲ್ಲಿ ಕೂತ ಅಜ್ಜಿ ಅರ್ಧದಿಂದ ತಮಿಳಿನಲ್ಲಿ ಮುಗಿಸುತ್ತಾರೆ. ಬಾಗಿಲ ಬಳಿ ಯಾರೋ ಕೊಂಕಣಿಯಲ್ಲಿ ಆಮೆನ್ ಅನ್ನುತ್ತಾರೆ. ಮುಂದಿನ ಮಣಿಗೆ ಬೆರಳು ಸರಿಯುತ್ತದೆ.